ವ್ಯಾನಿನೊಳಗಿನ ಗೀಸರ್: ಬಿಸಿನೀರಿಗೆ ಪೂರ್ತಿ ಅಂಕ, ಅಡಿ ಮುಚ್ಚಳಕ್ಕೆ ಸೊನ್ನೆ

ಕಂಪನಿ ಹೆಸರು ಇಲ್ಲಿ ಬೇಡ. 10 ಲೀಟರ್, 2 ಕಿಲೋವ್ಯಾಟ್, ಒಳಗೆ ಗಾಜಿನ ಲೇಪ ಕೊಟ್ಟ ಉಕ್ಕಿನ ಟ್ಯಾಂಕು, ನೆಟ್ಟಗೆ ನಿಲ್ಲಿಸುವ ಮಾದರಿ. ಮೈಸೂರಿನ ಯಾವ ಎಲೆಕ್ಟ್ರಿಕಲ್ ಅಂಗಡಿಗೆ ಹೋದರೂ ಈ ಜಾತಿಯವು ಸಾಲಾಗಿ ಕೂತಿರುತ್ತವೆ. ಮನೆಯ ಬಚ್ಚಲಿಗೆ ಅಂತ ಮಾಡಿದ್ದನ್ನು ಟೆಂಪೋ ಟ್ರಾವೆಲರ್ ಕ್ಯಾರವಾನಿನೊಳಗೆ ಕೂರಿಸಿ, ಮೇಲುಕೋಟೆ, ಮುತ್ತತ್ತಿ, ಊಟಿ ಅಂತ ವರ್ಷಗಟ್ಟಲೆ ಓಡಿಸಿದ ಮೇಲೆ ಬರೆದ ವಿಮರ್ಶೆ ಇದು. ಸ್ಟಾರ್ ಎಷ್ಟು, ವಾರಂಟಿ ಎಷ್ಟು ಅನ್ನೋದೆಲ್ಲ ಡಬ್ಬದ ಮೇಲೇ ಇದೆ, ಓದಿಕೊಳ್ಳಿ.

ಕ್ಯಾರವಾನಿಗೆಂದೇ ಮಾಡಿದ ಹೀಟರ್ ಯಾಕಲ್ಲ ಎಂಬ ಪ್ರಶ್ನೆಗೆ ಬೇಗ ಉತ್ತರ ಕೊಟ್ಟು ಮುಗಿಸೋಣ. ಅಮೆರಿಕದವು 120 ವೋಲ್ಟಿನವು. ಅಲ್ಲಿ 1440 ವ್ಯಾಟ್ ಎಳೆಯುವ ಕಾಯಿಲ್‌ಗೆ ನಮ್ಮ 230 ವೋಲ್ಟ್ ಕೊಟ್ಟರೆ 5200 ವ್ಯಾಟ್ ದಾಟುತ್ತದೆ, ಸುಟ್ಟು ಕರಕಲಾಗುತ್ತದೆ. ಯುರೋಪಿನವು ಚೆನ್ನಾಗಿವೆ, ಆದರೆ ಒಂದು ವಾಷರ್ ಹಾಳಾದರೂ ಪಾರ್ಸೆಲ್ ಕಾಯಬೇಕು. ಮನೆಯ ಗ್ಯಾಸ್ ಗೀಸರ್ ಅನ್ನಂತೂ ವ್ಯಾನಿನೊಳಗೆ ಹಾಕಲೇಬೇಡಿ. ಅದು ಉರಿಯುವುದು ಒಳಗಿನ ಗಾಳಿಯಿಂದ, ಹೊಗೆ ಬಿಡುವುದೂ ಒಳಗೇ. ಕಿಟಕಿ ಮುಚ್ಚಿದ ಬಚ್ಚಲಲ್ಲೇ ಕಾರ್ಬನ್ ಮೊನಾಕ್ಸೈಡಿಗೆ ಜನ ಸಾಯುತ್ತಾರೆ, ವ್ಯಾನು ಬಚ್ಚಲಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಹಾಗಾಗಿ ಕರೆಂಟಿನ ಗೀಸರೇ ಗತಿ.

ಮೊದಲು ಖುಷಿಯ ವಿಷಯ. ರಾತ್ರಿ 9ಕ್ಕೆ ಕಾಯಿಸಿ ಸ್ವಿಚ್ ಆರಿಸಿ ಮಲಗಿದರೆ ಬೆಳಗ್ಗೆ 6ಕ್ಕೆ ನಲ್ಲಿಯಲ್ಲಿ ಇನ್ನೂ 50 ಡಿಗ್ರಿ ಆಸುಪಾಸಿನ ನೀರು ಬರುತ್ತದೆ. ಟ್ಯಾಂಕಿನ ಸುತ್ತ ತುಂಬಿದ ಫೋಮು ಅಷ್ಟು ಚೆನ್ನಾಗಿದೆ. ದಾರಿಯಲ್ಲಿ ಕರೆಂಟು ಇರುವುದಿಲ್ಲ, ಆದರೂ ಮೈಸೂರಿನಲ್ಲಿ ಕಾಯಿಸಿಕೊಂಡು ಹೊರಟರೆ ಮೇಲುಕೋಟೆ ಬೆಟ್ಟ ಹತ್ತಿದ ಮೇಲೂ ಸ್ನಾನಕ್ಕೆ ತಣ್ಣೀರು ಬೆರೆಸಲೇಬೇಕು. ದುಡ್ಡು ಕೊಡುವಾಗ ಯಾರೂ ಈ ಗುಣ ಕೇಳುವುದಿಲ್ಲ. ವ್ಯಾನಿನಲ್ಲಿ ಬೇಕಾದದ್ದು ಇದೇ.

ಬೆಳಗಿನ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು 12 ವೋಲ್ಟಿನ ಪಂಪ್ ಹಾಕಬೇಕು. ಗುರ್ ಅಂತ ಶುರುವಾಗಿ, ಪೈಪಿನಲ್ಲಿ ಒತ್ತಡ ಕೂತ ಕೂಡಲೇ ತಾನಾಗಿ ನಿಲ್ಲುತ್ತದೆ. ನಿಲ್ಲದೆ ಓಡುತ್ತಲೇ ಇದ್ದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ನೀರಿನ ಟ್ಯಾಂಕು ಖಾಲಿ. ಆಗ ಗೀಸರ್ ಸ್ವಿಚ್ಚಿನ ಹತ್ತಿರ ಕೈ ಹೋಗಬಾರದು. ಪಂಪ್ ನಿಂತ ಮೇಲೆ ಬಿಸಿನೀರಿನ ನಲ್ಲಿ ತಿರುಗಿಸಿ. ಪಸ್ ಪಸ್ ಅಂತ ಗಾಳಿ ಉಗುಳುವುದು ನಿಂತು, ನೀರು ಒಂದೇ ಎಳೆಯಾಗಿ ಬೀಳಬೇಕು. ಆಮೇಲೆ ಸ್ವಿಚ್. ನೀರಿಲ್ಲದ ಟ್ಯಾಂಕಿನಲ್ಲಿ ಕಾಯಿಲ್ ನಿಮಿಷಗಳಲ್ಲೇ ಸುಡುತ್ತದೆ, ವ್ಯಾನುಗಳಲ್ಲಿ ಗೀಸರ್ ಹಾಳಾಗುವುದು ಹೆಚ್ಚಾಗಿ ಹೀಗೇ.

25 ಡಿಗ್ರಿಯಿಂದ 60ಕ್ಕೆ ಏರಲು 12 ನಿಮಿಷ, ಖರ್ಚು 0.4 ಯೂನಿಟ್ ಚಿಲ್ಲರೆ. ಅಷ್ಟರಲ್ಲಿ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದಿರುತ್ತದೆ. ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. 60 ಡಿಗ್ರಿಯ 10 ಲೀಟರಿಗೆ 25 ಡಿಗ್ರಿಯ 13 ಲೀಟರ್ ಸೇರಿದರೆ ಹದವಾದ 40 ಡಿಗ್ರಿಯ 23 ಲೀಟರ್ ಆಗುತ್ತದೆ. ಚೊಂಬಿನಲ್ಲಿ ಹುಯ್ದುಕೊಂಡರೆ ಒಬ್ಬರಿಗೆ ಧಾರಾಳ, ಹಿಡಿತವಿದ್ದರೆ ಇಬ್ಬರಿಗೂ ಆದೀತು. ಷವರ್ ಬೇಕೆನ್ನುವವರಿಗೆ ಈ ಅಳತೆ ಆಗಿಬರುವುದಿಲ್ಲ.

ಕಾಯುವಾಗ ಸೇಫ್ಟಿ ವಾಲ್ವಿನಿಂದ ಹನಿ ಬೀಳುತ್ತದೆ. ಹೆದರಿ ಅದನ್ನು ಬಿಗಿ ಮಾಡುವವರೂ, ಡಮ್ಮಿ ಹಾಕಿ ಮುಚ್ಚಿಸುವವರೂ ಇದ್ದಾರೆ. ಬೇಡಿ ಸ್ವಾಮಿ. 10 ಲೀಟರ್ ನೀರು 60 ಡಿಗ್ರಿಗೆ ಬಂದಾಗ ಸುಮಾರು 140 ಮಿಲಿ ಹಿಗ್ಗುತ್ತದೆ. ಒಳಬರುವ ದಾರಿಯಲ್ಲಿ ಹಿಂದಕ್ಕೆ ಬಿಡದ ವಾಲ್ವ್ ಇರುವುದರಿಂದ ಆ ನೀರಿಗೆ ಬೇರೆ ದಾರಿ ಇಲ್ಲ. ವಾಲ್ವಿನ ಬಾಯಿಗೆ ಒಂದು ತೆಳು ಪೈಪು ಸಿಕ್ಕಿಸಿ ನೆಲದ ತೂತಿನಿಂದ ಹೊರಗೆ ಬಿಡಿ, ಅಷ್ಟೇ. ತಿಂಗಳಿಗೊಮ್ಮೆ ಅದರ ಪುಟ್ಟ ಹಿಡಿ ಎತ್ತಿ ನೀರು ಚಿಮ್ಮುತ್ತದೆಯೇ ನೋಡಿ. ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರಲು ಶುರುವಾದರೆ ಆ ಹಿಂದಕ್ಕೆ ಬಿಡದ ವಾಲ್ವಿನೊಳಗೆ ಕಸ ಕೂತಿದೆ ಎಂದರ್ಥ.

ಹೊಗಳಿದ್ದು ಸಾಕು.

ಈ ಗೀಸರಿನ ಆಯಸ್ಸೆಲ್ಲ ನಿಂತಿರುವುದು ಒಳಗಿನ ಮೆಗ್ನೀಸಿಯಂ ರಾಡಿನ ಮೇಲೆ. ಉಕ್ಕಿಗೆ ಹಿಡಿಯಬೇಕಾದ ತುಕ್ಕಿನ ಕೆಲಸವನ್ನು ತನ್ನ ಮೈಮೇಲೆ ಎಳೆದುಕೊಂಡು ಕರಗುವುದೇ ಅದರ ಕೆಲಸ. ಗಾಜಿನ ಲೇಪದಲ್ಲಿ ಕಣ್ಣಿಗೆ ಕಾಣದ ಬಿರುಕು ಇದ್ದೇ ಇರುತ್ತದೆ, ವ್ಯಾನಿನ ಕುಲುಕಾಟಕ್ಕೆ ಅದು ಹೆಚ್ಚಾಗುತ್ತದೆ. ರಾಡು ಇರುವವರೆಗೆ ಟ್ಯಾಂಕು ಕ್ಷೇಮ. ಮುಗಿದ ಮೇಲೆ ಮೊದಲು ನೀರು ಕೆಂಪಗೆ ಬರುತ್ತದೆ, ಆಮೇಲೆ ತಳ ಸೋರುತ್ತದೆ. ಸೋರಿದ ಟ್ಯಾಂಕಿಗೆ ವೆಲ್ಡಿಂಗ್ ನಿಲ್ಲುವುದಿಲ್ಲ, ಗುಜರಿಯೇ. ಇಷ್ಟು ಮುಖ್ಯವಾದ ರಾಡನ್ನು ಕಂಪನಿಯವರು ಇಟ್ಟಿರುವುದು ಎಲ್ಲಿ? ಅಡಿಯ ಫ್ಲ್ಯಾಂಜಿನ (ಕಾಯಿಲು ಕೂರಿಸಿ ನಟ್ಟು ಹಾಕಿದ ಲೋಹದ ಬಿಲ್ಲೆ) ಒಳಗೆ, ಕಾಯಿಲಿನ ಪಕ್ಕದಲ್ಲಿ. ನೀರು ಖಾಲಿ ಮಾಡಲು ಒಂದು ಬಿರಡೆಯೂ ಇಲ್ಲ. ಕ್ಯಾರವಾನಿಗೆಂದು ಮಾಡಿದ ಅಮೆರಿಕದ ಕೆಲವು ಹೀಟರುಗಳಲ್ಲಿ ಹೊರಗಿನ ಬಾಗಿಲು ತೆಗೆದು ಒಂದು ಪಾನಾದಲ್ಲಿ ತಿರುಗಿಸಿದರೆ ರಾಡೂ ಕೈಗೆ ಬರುತ್ತದೆ, ನೀರೂ ಖಾಲಿಯಾಗುತ್ತದೆ. ಇದರಲ್ಲಿ ವೈರು, ಥರ್ಮೋಸ್ಟ್ಯಾಟು, ಕಾಯಿಲು ಎಲ್ಲವನ್ನೂ ಬಿಚ್ಚಿದರೆ ಮಾತ್ರ ರಾಡಿನ ಮುಖ ಕಾಣುತ್ತದೆ. ಬಚ್ಚಲ ಗೋಡೆಯ ಮೇಲಾದರೆ ಕೆಳಗೆ ಸ್ಟೂಲ್ ಹಾಕಿಕೊಂಡು ಮಾಡಬಹುದು. ವ್ಯಾನಿನಲ್ಲಿ ಗೀಸರ್ ಕೂತಿರುವುದು ಕಪಾಟಿನೊಳಗೆ, ಅಡಿಯಲ್ಲಿ ನಾಲ್ಕು ಬೆರಳು ಜಾಗವೂ ಇರುವುದಿಲ್ಲ.

ಆದ್ದರಿಂದ ಕೂರಿಸುವಾಗಲೇ ಎರಡು ಕೆಲಸ ಮಾಡಿಸಿಕೊಳ್ಳಿ, ಬಡಗಿ ಎಷ್ಟೇ ಗೊಣಗಲಿ. ಒಂದು, ಗೀಸರಿನ ಕೆಳಗೆ ಕಾಯಿಲು, ರಾಡು ನೆಟ್ಟಗೆ ಇಳಿಯುವಷ್ಟು, ಅಂದರೆ ಒಂದಡಿ ಜಾಗ, ಮುಂದೆ ಬಿಚ್ಚಿ ತೆಗೆಯುವ ಹಲಗೆ. ಎರಡು, ಟ್ಯಾಂಕಿನ ತಣ್ಣೀರ ಬಾಯಿಗೂ ಸೇಫ್ಟಿ ವಾಲ್ವಿಗೂ ನಡುವೆ ಅರ್ಧ ಇಂಚಿನ ಹಿತ್ತಾಳೆ ಟೀ (ಇಂಗ್ಲಿಷಿನ T ಆಕಾರದ ಮೂರು ಬಾಯಿಯ ಜೋಡಣೆ), ಅದರ ಪಕ್ಕದ ಕೊಂಬಿಗೆ ಒಂದು ಬಾಲ್ ವಾಲ್ವ್. ಬಾಲ್ ವಾಲ್ವ್ ಪಕ್ಕದ ಕೊಂಬಿಗೇ ಇರಬೇಕು. ನೇರ ದಾರಿಯಲ್ಲಿ ಹಾಕಿದರೆ ಯಾರಾದರೂ ಮುಚ್ಚಿದ ದಿನ ಟ್ಯಾಂಕಿಗೆ ಸೇಫ್ಟಿ ವಾಲ್ವೇ ಇಲ್ಲದಂತಾಗುತ್ತದೆ. ಪಂಪ್ ಆರಿಸಿ, ಬಿಸಿನೀರಿನ ನಲ್ಲಿ ತೆರೆದಿಟ್ಟು ಈ ಬಾಲ್ ವಾಲ್ವ್ ತಿರುಗಿಸಿದರೆ ಮೇಲಿಂದ ಗಾಳಿ ಹೋಗಿ ಕೆಳಗೆ ನೀರು ಇಳಿಯುತ್ತದೆ. ಕಂಪನಿಯವರು ಮಾಡಬೇಕಿದ್ದ ಕೆಲಸವನ್ನು ಒಂದು ಟೀ ಮಾಡುತ್ತದೆ, ಅದೇ ಸಿಟ್ಟು ತರಿಸುವ ಸಂಗತಿ.

ರಾಡು ಎಷ್ಟು ದಿನ ಬರುತ್ತದೆ ಅನ್ನುವುದು ತುಂಬಿಸುವ ನೀರಿನ ಮೇಲೆ. ಮೈಸೂರಿನೊಳಗೆ ಕಾವೇರಿ ನೀರು ಬರುವ ಮನೆಯಲ್ಲಿ ತುಂಬಿಸಿಕೊಂಡರೆ ವರ್ಷಕ್ಕೊಮ್ಮೆ ನೋಡಿದರೆ ಸಾಕು. ರಿಂಗ್ ರೋಡಿನಾಚೆ ಬಡಾವಣೆಗಳ ಬೋರು, ಮಂಡ್ಯ ಕಡೆಯ ತೋಟದ ಬೋರು ಅಂದರೆ ಆರು ತಿಂಗಳಿಗೇ ಬಿಚ್ಚಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇರಲಿ, ಬೇರೆ ಗತಿಯಿಲ್ಲದಿದ್ದರೆ 600ರವರೆಗೆ ಆಗಬಹುದು ಎಂದಿದೆ. 600ರ ನೀರು ಕುಡಿದರೆ ನಾವು ಬದುಕುತ್ತೇವೆ, ಕಾಯಿಲು ಬದುಕುವುದಿಲ್ಲ.

ಹಳೇ ಮೈಸೂರು ಕಡೆ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ಉಜ್ಜಿ ತೊಳೆಯುವುದು ಇದ್ದೇ ಇದೆ. ಗೀಸರಿನ ದೊಡ್ಡ ಸರ್ವಿಸಿಗೂ ಅದೇ ದಿನ ಇಟ್ಟುಕೊಂಡರೆ ಮರೆಯುವುದಿಲ್ಲ. ಪ್ಲಗ್ ಕಿತ್ತು, ನೀರು ತಣ್ಣಗಾಗಲು ಬಿಟ್ಟು, ಖಾಲಿ ಮಾಡಿ. ಅಡಿ ಮುಚ್ಚಳ ತೆಗೆದ ಕೂಡಲೇ ವೈರುಗಳ ಫೋಟೋ ಹೊಡೆದುಕೊಳ್ಳಿ. ಥರ್ಮೋಸ್ಟ್ಯಾಟಿನ ಕಡ್ಡಿ ಮೆತ್ತಗೆ ಎಳೆದರೆ ಬರುತ್ತದೆ. ಫ್ಲ್ಯಾಂಜಿನ ನಟ್ಟುಗಳನ್ನು ಬಿಚ್ಚುವಾಗ ಕೆಳಗೊಂದು ಬೋಗುಣಿ ಇರಲಿ, ತಳದಲ್ಲಿ ಉಳಿದ ಸುಣ್ಣದ ಕೆಸರು ಅಲ್ಲೇ ಸುರಿಯುತ್ತದೆ. ರಾಡಿನ ಮುಕ್ಕಾಲು ಭಾಗ ಸವೆದಿದ್ದರೆ, ಅಥವಾ ನಡುವಿನ ಕಂಬಿ ಕಾಣುತ್ತಿದ್ದರೆ ಹೊಸದು ಹಾಕಿ. ರಾಡು ಎಳ್ಳಷ್ಟೂ ಸವೆಯದೆ ಹಾಗೇ ಇದ್ದರೆ ಅದೂ ಒಳ್ಳೆಯ ಲಕ್ಷಣವಲ್ಲ, ಫ್ಲ್ಯಾಂಜಿನ ಜೊತೆ ಅದರ ಸಂಪರ್ಕ ಸಡಿಲವಾಗಿರಬಹುದು.

ಕಾಯಿಲಿಗೆ ಕಟ್ಟಿದ ಸುಣ್ಣವನ್ನು ಸ್ಕ್ರೂಡ್ರೈವರಿನಲ್ಲಿ ಕೆತ್ತಬೇಡಿ, ಮೇಲಿನ ತಾಮ್ರದ ಕೊಳವೆ ತೂತಾಗುತ್ತದೆ. ದಿನಸಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಲೀಟರ್ ಬಿಸಿನೀರಿಗೆ 50 ಗ್ರಾಂನಂತೆ ಕರಗಿಸಿ, ಕಾಯಿಲು ಮುಳುಗುವಷ್ಟು ಹಾಕಿ ಒಂದೆರಡು ಗಂಟೆ ಬಿಟ್ಟರೆ ನೊರೆ ಬಂದು ಬಿಟ್ಟುಕೊಳ್ಳುತ್ತದೆ. ರಾಡನ್ನು ಮಾತ್ರ ಮೊದಲೇ ಬಿಚ್ಚಿಡಿ, ಹುಳಿ ನೀರು ಮೆಗ್ನೀಸಿಯಂ ತಿಂದುಹಾಕುತ್ತದೆ. ಬಚ್ಚಲು ತೊಳೆಯುವ ಆಸಿಡ್ ಹತ್ತಿರ ತರಬೇಡಿ. ವಾಪಸ್ ಹಾಕುವಾಗ ಗ್ಯಾಸ್ಕೆಟ್ ಹೊಸದೇ ಇರಲಿ. ನಟ್ಟುಗಳನ್ನು ಸುತ್ತುಸುತ್ತಾಗಿ ಬಿಗಿಯಬಾರದು, ಒಂದರ ಎದುರಿನದನ್ನು ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬರಬೇಕು. ನೀರು ತುಂಬಿಸಿ ಅರ್ಧ ಗಂಟೆ ಕಾದು, ಫ್ಲ್ಯಾಂಜಿನ ಸುತ್ತ ಒಣ ಕಾಗದ ಒತ್ತಿ ನೋಡಿ. ಒದ್ದೆಯಾಗದಿದ್ದರೆ ಮಾತ್ರ ವೈರು ಕೂಡಿಸಿ.

ಕಾಯುವಾಗ ಚಟಪಟ ಸದ್ದು ಬಂದರೆ ಆರು ತಿಂಗಳು ಕಾಯದೆ ಇದೇ ಕೆಲಸ ಮಾಡಿ. ಉಷ್ಣಾಂಶದ ಬಿರಡೆಯನ್ನು 60ಕ್ಕಿಂತ ಮೇಲೆ ಇಟ್ಟವರ ಕಾಯಿಲಿಗೇ ಸುಣ್ಣ ಬೇಗ ಕಟ್ಟುವುದು. ಹಾಗಂತ 45ಕ್ಕೆ ಇಳಿಸಿ ಬಿಡುವುದೂ ಬೇಡ, ನಿಂತ ಬೆಚ್ಚನೆ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ವಾಸನೆಯ ವಿಷಯವೂ ಅದೇ. ವ್ಯಾನು ವಾರಗಟ್ಟಲೆ ನಿಂತು, ಬಿಸಿನೀರಿನ ನಲ್ಲಿಯಲ್ಲಿ ಮಾತ್ರ ಕೊಳೆತ ಮೊಟ್ಟೆ ವಾಸನೆ ಬಂದರೆ ಅದು ಒಳಗಿನ ಬ್ಯಾಕ್ಟೀರಿಯಾದ ಕೆಲಸ. 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು (ದ್ರವರೂಪದ ಬ್ಲೀಚು) ಲೀಟರಿಗೆ 1 ಮಿಲಿ ಲೆಕ್ಕದಲ್ಲಿ, ಅಂದರೆ 60 ಲೀಟರ್ ನೀರಿನ ಟ್ಯಾಂಕಿಗೆ 60 ಮಿಲಿ ಹಾಕಿ, ಎಲ್ಲ ನಲ್ಲಿಯಲ್ಲೂ ಬ್ಲೀಚಿನ ವಾಸನೆ ಬರುವವರೆಗೆ ಹರಿಸಿ, ನಾಲ್ಕು ಗಂಟೆ ಬಿಟ್ಟು ಎರಡು ಸಲ ಪೂರ್ತಿ ಖಾಲಿ ಮಾಡಿ. ನಿಂಬೆ ಉಪ್ಪು ಹಾಕಿದ ದಿನವೇ ಇದನ್ನು ಮಾಡಬೇಡಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಇನ್ನೊಂದು ಮಾತು: ರಾಡು ಕರಗುವಾಗ ಹೈಡ್ರೋಜನ್ ಹುಟ್ಟುತ್ತದೆ, ಎರಡು ವಾರಕ್ಕಿಂತ ಹೆಚ್ಚು ನಿಂತ ಟ್ಯಾಂಕಿನಲ್ಲಿ ಅದು ಸೇರಿಕೊಂಡಿರಬಹುದು. ಮೊದಲ ಸಲ ನಲ್ಲಿ ತೆರೆಯುವಾಗ ಪಕ್ಕದಲ್ಲೇ ಇರುವ ಗ್ಯಾಸ್ ಒಲೆ ಆರಿರಲಿ, ಬಾಗಿಲು ತೆರೆದಿರಲಿ. ಇದಕ್ಕೆಲ್ಲ ಸುಲಭದ ದಾರಿ, ವ್ಯಾನು ನಿಲ್ಲಿಸುವ ಮುಂಚೆ ಆ ಬಾಲ್ ವಾಲ್ವ್ ತಿರುಗಿಸಿ ಖಾಲಿ ಮಾಡುವುದು. ವಿದೇಶದ ವಿಡಿಯೋಗಳಲ್ಲಿ ಚಳಿಗಾಲಕ್ಕೆ ಪೈಪಿಗೆ ಆಂಟಿಫ್ರೀಜ್ ತುಂಬಿಸುತ್ತಾರಲ್ಲ, ಮೈಸೂರಿನಲ್ಲಿ ಅದರ ದುಡ್ಡು ದಂಡ. ಊಟಿಯಲ್ಲಿ ಜನವರಿಯ ಇಬ್ಬನಿ ಗಟ್ಟಿಯಾಗುವ ರಾತ್ರಿಗಳಲ್ಲಿ ವ್ಯಾನಿನ ಅಡಿಯ ಬರಿ ಪೈಪುಗಳನ್ನು ಖಾಲಿ ಮಾಡಿದರೆ ಸಾಕು.

ಕರೆಂಟಿನ ಲೆಕ್ಕದಲ್ಲಿ ಈ ಗೀಸರ್ ಮೇಲಿನ ಸಿಟ್ಟು ಸ್ವಲ್ಪ ಇಳಿಯುತ್ತದೆ, ಯಾಕೆಂದರೆ ಇಲ್ಲಿ ತಿದ್ದುವುದು ಸುಲಭ. 2 ಕಿಲೋವ್ಯಾಟ್ ಅಂದರೆ 8.7 ಆಂಪಿಯರ್. ಹೋಂಸ್ಟೇ ಅಂಗಳದಲ್ಲಿ ಕೊಡುವುದು 6 ಆಂಪಿಯರಿನ ಸಾಕೆಟ್ಟು, ಅದಕ್ಕೊಂದು ತೆಳ್ಳನೆ ಎಕ್ಸ್‌ಟೆನ್ಷನ್ ಬೋರ್ಡು. ಪ್ಲಗ್ ಕರಗಿ ವಾಸನೆ ಬಂದ ಮೇಲೆಯೇ ಎಲ್ಲರಿಗೂ ಗೊತ್ತಾಗುವುದು. ಅದೇ ಫ್ಲ್ಯಾಂಜಿಗೆ ಹೊಂದುವ 1 ಕಿಲೋವ್ಯಾಟ್ ಕಾಯಿಲ್ ಹಾಕಿಸಿದರೆ 4.3 ಆಂಪಿಯರಿಗೆ ಇಳಿಯುತ್ತದೆ. 12 ನಿಮಿಷದ ಜಾಗದಲ್ಲಿ 25 ನಿಮಿಷ, ಅಷ್ಟೇ ನಷ್ಟ. ಇನ್ವರ್ಟರಿನಲ್ಲಿ ಕಾಯಿಸುವವರಿಗೂ ಇದೇ ಲೇಸು: 12 ವೋಲ್ಟ್ ಬ್ಯಾಟರಿಯಿಂದ ಒಂದು ಟ್ಯಾಂಕಿಗೆ 40 ಆಂಪಿಯರ್ ಅವರ್ ಹತ್ತಿರ ಖರ್ಚು ಹೇಗೂ ಆಗುತ್ತದೆ, ಆದರೆ ಕೇಬಲ್ಲಿನ ಮೇಲಿನ ಭಾರ ಅರ್ಧವಾಗುತ್ತದೆ. ವೈರು 2.5 ಸ್ಕ್ವೇರ್ ಎಂಎಂ ಇರಲಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನಾಗಿ ಆರುವ ಸ್ವಿಚ್) ಕಡ್ಡಾಯ, ವ್ಯಾನಿನ ಲೋಹದ ಮೈಗೆ ಅರ್ಥಿಂಗ್ ಸೇರಿರಲೇಬೇಕು. ತಗಡಿನ ಡಬ್ಬದೊಳಗೆ ಒದ್ದೆ ಕಾಲಲ್ಲಿ ನಿಲ್ಲುವವರು ನಾವು.

ಕೂರಿಸುವ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪ್ಲೈವುಡ್ಡಿಗೆ ಸ್ಕ್ರೂ ಹೊಡೆದು ನೇತುಹಾಕಬೇಡಿ, ಚಾಸಿಗೆ ಸೇರಿದ ಕಬ್ಬಿಣದ ಚೌಕಟ್ಟಿಗೆ ಪಟ್ಟಿ ಹಾಕಿ ಕಟ್ಟಿ, ಕುಲುಕಿದರೂ ಸಡಿಲವಾಗದ ನೈಲಾಕ್ ನಟ್ಟು ಬಳಸಿ. ಜಾಗ ಇಲ್ಲವೆಂದು ನೆಟ್ಟಗಿನ ಮಾದರಿಯನ್ನು ಮಲಗಿಸಿದರೆ ಮೇಲೆ ಗಾಳಿ ಉಳಿದು ಕಾಯಿಲು ಸುಡುತ್ತದೆ. ಕೊನೆಯ ಜೋಡಣೆಗೆ ಸಿಪಿವಿಸಿಯ ಗಟ್ಟಿ ಪ್ಲಾಸ್ಟಿಕ್ ಪೈಪು ಬೇಡ, ಹೆಣೆದ ಸ್ಟೀಲ್ ಹೋಸೇ ಕುಲುಕಾಟ ತಡೆಯುತ್ತದೆ. ವ್ಯಾನಿನೊಳಗೆ ಇಟ್ಟದ್ದು ಗೊತ್ತಾದರೆ ವಾರಂಟಿ ಸಿಗದು ಎಂದುಕೊಂಡೇ ಕೊಳ್ಳಿ.

ಹಾಗಾದರೆ ತಗೊಳ್ಳಬಹುದೇ? ವರ್ಷಕ್ಕೊಂದು ದಿನ ಕೈ ಕೊಳೆ ಮಾಡಿಕೊಳ್ಳುವ ಮನಸ್ಸು, ಕಪಾಟಿನ ಕೆಳಗೆ ಒಂದಡಿ ಜಾಗ ಎರಡೂ ಇದ್ದರೆ ಈ ಬೆಲೆಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಬೋರ್ ನೀರೇ ಗತಿ, ಬಿಚ್ಚಲು ಆಗುವುದಿಲ್ಲ ಅನ್ನುವವರು ಇನ್ನಷ್ಟು ದುಡ್ಡು ಹಾಕಿ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕಿನದ್ದು ನೋಡಿ, ಅದಕ್ಕೂ ಸುಣ್ಣದ ಕಾಟ ತಪ್ಪದು. ಯಾವುದನ್ನೇ ಕೊಂಡರೂ ಮೊದಲ ಸಲ ಬಿಚ್ಚಿದಾಗ ಸಿಗುವ ಹಳೇ ಗ್ಯಾಸ್ಕೆಟ್ಟು, ರಾಡಿನ ತುಂಡು ಬಿಸಾಡದೆ ಟೂಲ್ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಹಾರ್ಡ್‌ವೇರ್ ಅಂಗಡಿಯವರು ಮಾಡೆಲ್ ನಂಬರ್ ಕೇಳುವುದಿಲ್ಲ, "ಹಳೇದು ತಂದಿದ್ದೀರಾ?" ಅಂತಲೇ ಕೇಳುವುದು.