‘ಲೈಫ್‌ಟೈಮ್ ಆಯಿಲ್’ ಅಂತ ನಂಬಿ ಕೂತವನ ಸಿವಿಟಿ ವ್ಯಾನ್: ಎಂಟು ವರ್ಷದ ಅನುಭವ

2016ರ ಬೇಸಿಗೆಯಲ್ಲಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಈ ಏಳು ಸೀಟಿನ ವ್ಯಾನ್ ಕೊಂಡಾಗ ಅದಕ್ಕೆ ನಾಲ್ಕು ವರ್ಷ, ಓಡಿದ್ದು 46,000 ಮೈಲಿ. ಮೊದಲ ದೂರದ ಪ್ರಯಾಣ ಆ ಸೆಪ್ಟೆಂಬರಿನಲ್ಲಿ ಅಟ್ಲಾಂಟಿಕ್ ಸಿಟಿಯ ‘ಅಕ್ಕ’ (ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ) ಸಮ್ಮೇಳನಕ್ಕೆ. ಆರು ಜನ, ರೇಷ್ಮೆ ಸೀರೆ ತುಂಬಿದ ಎರಡು ಪೆಟ್ಟಿಗೆ, ಒಂದು ಜೊತೆ ತಬಲಾ. ಇದರದ್ದು ಸಿವಿಟಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಅಲ್ಲದೆ ನುಣ್ಣಗೆ ಬದಲಾಗುತ್ತಾ ಹೋಗುವ ಆಟೋಮ್ಯಾಟಿಕ್ ಗಿಯರ್‌ಬಾಕ್ಸ್. ದಾರಿಯುದ್ದಕ್ಕೂ ಗಿಯರ್ ಬದಲಾಗುವ ಜಗ್ಗಾಟವೇ ಇಲ್ಲ. ಹಿಂದಿನ ಸೀಟಿನವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡರೂ ಒಂದು ಹನಿ ಚೆಲ್ಲಲಿಲ್ಲ. ಅವತ್ತೇ ಮರುಳಾದೆ.

ಬಾಗಿಲು, ಸೀಟು, ಮೈಲೇಜಿನ ಮಾತೆಲ್ಲ ಬೇರೆ ಕಡೆ ಓದಿರ್ತೀರಿ, ಬಿಡಿ. ನಾನು ಬರೆಯೋಕೆ ಕೂತಿದ್ದು ಗಿಯರ್‌ಬಾಕ್ಸಿನ ಆಯಿಲ್ ಬಗ್ಗೆ. ಮಾರಿದವನು ‘ಇದು ಲೈಫ್‌ಟೈಮ್ ಆಯಿಲ್, ಮುಟ್ಟಲೇಬೇಡಿ’ ಅಂದಿದ್ದ. ಖರ್ಚಿಲ್ಲ ಅನ್ನೋ ಮಾತನ್ನು ನಂಬೋಕೆ ನನಗೆ ಸಾಕ್ಷಿ ಬೇಕಾಗಿರಲಿಲ್ಲ.

2019ರಲ್ಲಿ ಅಪ್ಪ ಅಮ್ಮ ಬಂದಿದ್ದರು. ಬ್ರಿಡ್ಜ್‌ವಾಟರ್ ಬಾಲಾಜಿ ಹತ್ತಿರದಲ್ಲೇ ಇದ್ದರೂ ಅಮ್ಮನಿಗೆ ಪಿಟ್ಸ್‌ಬರ್ಗ್ ದೇವಸ್ಥಾನವೇ ಆಗಬೇಕು. ಜುಲೈ ಬಿಸಿಲು, ವ್ಯಾನ್ ತುಂಬ ಜನ. ಪೆನ್ಸಿಲ್ವೇನಿಯಾ ಟರ್ನ್‌ಪೈಕ್‌ನಲ್ಲಿ ಬೆಡ್‌ಫರ್ಡ್ ದಾಟಿ ಅಲಿಗೇನಿ ಸುರಂಗಕ್ಕೆ ಏರುವ ದಾರಿಯಲ್ಲಿ ಎಂಜಿನ್ ಅರಚುತ್ತಿದೆ, ಗಾಡಿ ಮಾತ್ರ ಮೇಲೇಳುತ್ತಿಲ್ಲ. ಆಮೇಲೆ ಎಷ್ಟು ಒತ್ತಿದರೂ ಗಂಟೆಗೆ 40 ಮೈಲಿ ದಾಟಲಿಲ್ಲ. ಪಕ್ಕದಲ್ಲಿ ಲಾರಿಗಳು ಹಾರ್ನ್ ಹೊಡೆದು ಹೋಗುತ್ತಿದ್ದವು. ಅರಸೀಕೆರೆಯಲ್ಲಿ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದ ಅಪ್ಪ ಹಿಂದಿನಿಂದ, ‘ಬೆಲ್ಟ್ ಜಾರ್ತಾ ಇದೆ ಕಣೋ, ಸ್ವಲ್ಪ ರಾಳ ಹಚ್ಚಬಾರದಾ?’ ಅಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಎಡಿಸನ್‌ಗೆ ವಾಪಸ್ ಬಂದು ಓದಿದ ಮೇಲೆ ಗೊತ್ತಾಯಿತು, ಅಪ್ಪ ತಮಾಷೆಗೂ ತಪ್ಪು ಹೇಳಿರಲಿಲ್ಲ. ಒಳಗಿರುವುದು ಎರಡು ರಾಟೆ, ನಡುವೆ ನೂರಾರು ತೆಳು ಉಕ್ಕಿನ ತುಂಡು ಪೋಣಿಸಿದ ಬೆಲ್ಟ್. ರಾಟೆಯ ಎರಡು ಮಗ್ಗುಲು ಹತ್ತಿರ ಬಂದರೆ ಬೆಲ್ಟ್ ಅಂಚಿಗೆ ಏರುತ್ತದೆ, ದೂರ ಸರಿದರೆ ನಡುವಿಗೆ ಇಳಿಯುತ್ತದೆ. ಗಿಯರ್ ಅನ್ನುವುದು ಅಷ್ಟೇ. ಆ ಮಗ್ಗುಲುಗಳನ್ನು ಒತ್ತಿ ಹಿಡಿಯುವುದು ಆಯಿಲಿನ ಒತ್ತಡ, ಲೋಹಕ್ಕೆ ಲೋಹ ಸವೆಯದಂತೆ ಕಾಯುವುದೂ ಅದೇ ಆಯಿಲ್, ಬೆಲ್ಟ್ ಜಾರದಂತೆ ನೋಡಿಕೊಳ್ಳುವುದೂ ಅದೇ. ಎಣ್ಣೆಯೂ ಅದೇ, ರಾಳವೂ ಅದೇ! ಅದಕ್ಕೇ ಮಾಮೂಲಿ ಆಟೋಮ್ಯಾಟಿಕ್ ಗಾಡಿಯ ಆಯಿಲ್ ಇದಕ್ಕೆ ಸುರಿದರೆ ಕೆಡುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಯಾವ ಸಿವಿಟಿ ಆಯಿಲ್ ಅಂತ ಬರೆದಿದೆಯೋ ಅದನ್ನೇ ಹಾಕಿ. ಅಗ್ಗದ ‘ಎಲ್ಲಕ್ಕೂ ಆಗತ್ತೆ’ ಡಬ್ಬಿ ಬೇಡ. ನಮ್ಮ ವ್ಯಾನಿನ ಹಳೇ ಆಯಿಲ್ ಬಿಸಿಗೆ ಸತ್ತುಹೋಗಿತ್ತು. ಬಿಸಿ ಮಿತಿ ಮೀರಿದಾಗ ಕಂಪ್ಯೂಟರೇ ಎಂಜಿನ್ನಿನ ಕತ್ತು ಹಿಡಿದು ಗಿಯರ್‌ಬಾಕ್ಸ್ ಉಳಿಸಿತ್ತು. ನಾನು ಬೈಯುತ್ತಿದ್ದುದು ಅದನ್ನೇ.

ಗ್ಯಾರೇಜಿನವರು ಗಿಯರ್‌ಬಾಕ್ಸೇ ಬದಲಿಸಿ ಅಂದರು, 5,000 ಡಾಲರ್. ವ್ಯಾನೇ ಅಷ್ಟು ಬಾಳುತ್ತಿರಲಿಲ್ಲ. ನೂರು ಡಾಲರಿನ ಆಯಿಲ್ ತಂದು ನಾನೇ ಗಾಡಿಯ ಕೆಳಗೆ ನುಸುಳಿದೆ.

ಈಗ ಅದು ನಮ್ಮನೆಯ ಶನಿವಾರದ ಪೂಜೆ, ಎರಡು ಮೂರು ವರ್ಷಕ್ಕೊಮ್ಮೆ. ಬೆಳಿಗ್ಗೆ ಓಕ್ ಟ್ರೀ ರಸ್ತೆಗೆ ಹೋಗಿ ಕೊತ್ತಂಬರಿ, ತೆಂಗಿನಕಾಯಿ ತರುವಷ್ಟರಲ್ಲಿ ಆಯಿಲ್ ಹದವಾಗಿ ಬಿಸಿಯಾಗಿರುತ್ತದೆ. ಗಾಡಿ ಒಂದು ಕಡೆ ವಾಲದಂತೆ ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು, ಡ್ರೈನ್ ಬೋಲ್ಟ್ ಬಿಚ್ಚಿ, ಇಳಿದದ್ದನ್ನು ಖಾಲಿ ಹಾಲಿನ ಕ್ಯಾನಿಗೆ ತುಂಬಿ ಗೆರೆ ಹಾಕುತ್ತೇನೆ. ಬೋಲ್ಟಿಗೆ ಹೊಸ ವಾಷರ್. ಆಮೇಲೆ ಮೇಲಿನಿಂದ ಉದ್ದ ಲಾಳಿಕೆಯಲ್ಲಿ, ಇಳಿದಷ್ಟೇ ಅಳೆದು ಸುರಿಯುವುದು. ಹೆಚ್ಚೂ ಬೇಡ, ಕಮ್ಮಿಯೂ ಬೇಡ. ಬ್ರೇಕ್ ತುಳಿದು ಗಿಯರ್ ಕೋಲನ್ನು ಆರ್, ಎನ್, ಡಿ ಎಂದು ನಿಧಾನ ಒಂದು ಸುತ್ತು. ಒಂದು ಸಲಕ್ಕೆ ಅರ್ಧದಷ್ಟು ಆಯಿಲ್ ಮಾತ್ರ ಹೊರಬರುತ್ತದೆ, ಉಳಿದದ್ದು ಒಳಗೇ ನಿಲ್ಲುತ್ತದೆ. ಹಾಗಾಗಿ ಆ ಮೊದಲನೇ ವರ್ಷ ವಾರಕ್ಕೊಂದರಂತೆ ಮೂರು ಸಲ ಮಾಡಿದೆ. ಮೊದಲ ಸಲ ಇಳಿದದ್ದು ಕಷಾಯದ ಬಣ್ಣ, ಸುಟ್ಟ ವಾಸನೆ. ಮೂರನೇದು ತಿಳಿಯಾಗಿತ್ತು. ಗಿಯರ್‌ಬಾಕ್ಸಿನ ತಳದ ಪ್ಯಾನ್ ಬಿಚ್ಚಿದಾಗ ಲೋಹದ ಪುಡಿ ಹಿಡಿಯುವ ಮ್ಯಾಗ್ನೆಟ್ ಮೇಲೆ ವಿಭೂತಿಯಂಥ ಬೂದು ಲೇಪ ಇತ್ತು. ಅದು ಸಹಜ ಸವೆತ. ಹೊಳೆಯುವ ಚೂರುಗಳಿದ್ದಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದೆ.

ಇಳಿಜಾರು ಡ್ರೈವ್‌ವೇಯಲ್ಲಿ ನಿಲ್ಲಿಸುವಾಗ ಮೊದಲು ಪಾರ್ಕಿಂಗ್ ಬ್ರೇಕ್, ಆಮೇಲೆ ಪಿ. ಚಳಿಗಾಲದ ಬೆಳಿಗ್ಗೆ ಎಂಜಿನ್ ಸದ್ದು ಇಳಿಯುವವರೆಗೆ ಕಾಯುತ್ತೇನೆ. ಅಷ್ಟರಲ್ಲಿ ಗಾಜಿನ ಹಿಮ ಕೆರೆಯುವುದು ಮುಗಿದಿರುತ್ತದೆ. ಬೆಟ್ಟ ಇಳಿಯುವಾಗ ಎಲ್‌ಗೆ (ಲೋ ಗಿಯರ್) ಹಾಕಿ ಬ್ರೇಕಿಗೆ ಬಿಡುವು ಕೊಡುತ್ತೇನೆ.

ಪೂರ್ತಿ ವಾಸಿಯಾಯಿತೇ ಅಂದರೆ, ಇಲ್ಲ. ತಣ್ಣಗಿರುವಾಗ 20 ಮೈಲಿ ವೇಗದಲ್ಲಿ ಸಣ್ಣಗೆ ನಡುಗುತ್ತದೆ, ಬಿಸಿಯಾದ ಮೇಲೆ ನಿಲ್ಲುತ್ತದೆ. ಆದರೆ ಈಗ ಓಡಿರುವುದು 1,42,000 ಮೈಲಿ, ಕಳೆದ ಬೇಸಿಗೆಯಲ್ಲಿ ಅದೇ ಅಲಿಗೇನಿ ಏರನ್ನು 60ರಲ್ಲಿ ಹತ್ತಿ ಪಿಟ್ಸ್‌ಬರ್ಗಿನ ಪುಳಿಯೋಗರೆ ತಿಂದು ಬಂದೆವು. ಹಳೇ ಸಿವಿಟಿ ವ್ಯಾನ್ ಕೊಳ್ಳುವವರು ಬಣ್ಣ, ಟೈರ್ ನೋಡುವ ಮೊದಲು ಆಯಿಲ್ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬೆಲೆಯಲ್ಲಿ ಅಷ್ಟು ಇಳಿಸಿ, ಇಳಿಸದಿದ್ದರೆ ಎದ್ದು ಬನ್ನಿ. ನನ್ನ ಕಡೆಯಿಂದ ಐದಕ್ಕೆ ಮೂರು. ಹೆಂಡತಿ ಐದಕ್ಕೆ ಐದು ಕೊಡುತ್ತಾಳೆ, ಕೆಳಗೆ ಮಲಗುವವಳು ಅವಳಲ್ಲವಲ್ಲ.