ಯೆಸ್ ಅಥವಾ ಕಿಂಗ್ ಕ್ರಿಮ್ಸನ್: ಮೊದಲು ಯಾವುದನ್ನು ಕಲಿಯಬೇಕು?

ದಾವಣಗೆರೆಯ ಕಾಲೇಜುಗಳಲ್ಲಿ ತಂಡ ಕಟ್ಟಿ ಪ್ರೋಗ್ರೆಸಿವ್ ರಾಕ್ (ಶಾಸ್ತ್ರೀಯ, ಜಾಝ್ ಅಂಶಗಳು ಬೆರೆತ ಸಂಕೀರ್ಣ ರಾಕ್ ಸಂಗೀತ) ನುಡಿಸಲು ಹೊರಟವರಿಗೆ ಈ ಮಾತು. ಯೆಸ್, ಕಿಂಗ್ ಕ್ರಿಮ್ಸನ್ ಎರಡೂ ತಂಡಗಳು 1968ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವು.

ಯೆಸ್ ಮಧುರ. ತಂಡದ ಸ್ಟೀವ್ ಹೋವ್ ಗಿಟಾರಿನಲ್ಲಿ ಅಮೆರಿಕದ ಗಿಟಾರ್ ವಾದಕ ಚೆಟ್ ಆಟ್ಕಿನ್ಸ್‌ರ ಕಂಟ್ರಿ ಶೈಲಿಯೂ ಜಾಝ್ ಕೂಡ ಕೇಳಿಸುತ್ತವೆ. ಕ್ರಿಸ್ ಸ್ಕ್ವೈರ್ ರಿಕನ್‌ಬ್ಯಾಕರ್ ಕಂಪನಿಯ ಬೇಸ್ ಗಿಟಾರನ್ನು ಪ್ಲೆಕ್ಟ್ರಮ್ ಎಂಬ ಮೀಟುವ ಬಿಲ್ಲೆಯಿಂದ ಮೀಟಿ ಮುಂಚೂಣಿಗೆ ತರುತ್ತಿದ್ದರು. ನಿಮ್ಮ ಬೇಸ್ ವಾದಕ ಗಟ್ಟಿಗನಾಗಿದ್ದರೆ ಯೆಸ್ ಸಾಕು.

ಕಿಂಗ್ ಕ್ರಿಮ್ಸನ್ ಕಠಿಣ. ಆದರೂ ನನ್ನ ಒಲವು ಅತ್ತಲೇ. ಕುಳಿತೇ ನುಡಿಸುವ ಅದರ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಮೇಲೆ ಹಂಗೇರಿಯ ಸಂಯೋಜಕ ಬಾರ್ಟೋಕ್ ಪ್ರಭಾವ ದಟ್ಟವಾಗಿದೆ. 1981ರ ‘ಡಿಸಿಪ್ಲಿನ್’ ಆಲ್ಬಮ್ಮಿನಲ್ಲಿ ಎರಡು ಗಿಟಾರುಗಳು ಬೇರೆ ಬೇರೆ ಉದ್ದದ ಆವರ್ತಗಳಲ್ಲಿ ಅಗಲಿ ಮತ್ತೆ ಕೂಡುತ್ತವೆ. ತನಿ ಆವರ್ತನ ಕೇಳಿ ಬೆಳೆದ ನಮ್ಮ ಕಿವಿಗೆ ಆ ಲೆಕ್ಕಾಚಾರ ಎಷ್ಟು ಆಪ್ತ! ಇಬ್ಬರು ಗಿಟಾರ್ ವಾದಕರಿಗೆ ಲಯ ತೋರಿಸುವ ಮೆಟ್ರೊನೋಮ್ ಹಿಡಿದು ಕೂರುವ ತಾಳ್ಮೆಯಿದ್ದರೆ ಇಲ್ಲಿಂದಲೇ ಆರಂಭಿಸಿ.