ಮೇಕ್, ಸಿಮೇಕ್, ಮೆಸಾನ್: 'ಇಫ್' ಬರೆಯೋಕೆ ಯಾವುದು ವಾಸಿ?

ಮೂರೂ ನಾವು ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟಿಕೊಡುವ (ಬಿಲ್ಡ್ ಮಾಡುವ) ಸಾಧನಗಳು. ಹೇಗೆ ಕಟ್ಟಬೇಕು ಅಂತ ಬಿಲ್ಡ್ ಫೈಲ್‌ನಲ್ಲಿ ಬರೆದುಕೊಡಬೇಕು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೆಸಾನ್‌ಗೆ.

ಕೊಡಗಿನ ನಾಪೋಕ್ಲು ಹತ್ತಿರ ನಮ್ಮ ಕಾಫಿ ತೋಟದಲ್ಲಿ ಮಳೆ ಅಳೆಯುವ ಪೆಟ್ಟಿಗೆ ಇಟ್ಟಿದ್ದೇನೆ. ಒಳಗೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಅದರಲ್ಲಿ ನಾನೇ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ. ಅದು ಲ್ಯಾಪ್‌ಟಾಪ್‌ನಲ್ಲೂ ಓಡಬೇಕು. ಅಲ್ಲಿ ಸೆನ್ಸರ್ ಇಲ್ಲ, ಹಳೆಯ ಅಂಕಿಗಳ ಫೈಲ್ ಓದುತ್ತದೆ. ಹಾಗಾಗಿ ಬಿಲ್ಡ್ ಫೈಲ್‌ನಲ್ಲಿ ಒಂದು 'ಇಫ್' ಬೇಕೇ ಬೇಕು: ಪೈ ಆದರೆ ಸೆನ್ಸರ್ ಕೋಡ್, ಇಲ್ಲದಿದ್ದರೆ ಫೈಲ್ ಓದುವ ಕೋಡ್.

ಮೊದಲು ಬಳಸಿದ್ದು ಗ್ನೂ ಮೇಕ್. ಜುಲೈನಲ್ಲಿ ಕೈಕೊಟ್ಟಿತು. ಅಪ್ಪ ದಿನಾ ಬೆಳಗ್ಗೆ ಹಳೆಯ ಮಳೆಮಾಪಕದ ನೀರನ್ನು ಗಾಜಿನ ಕೊಳವೆಗೆ ಸುರಿದು ನೋಡಿ ಡೈರಿಯಲ್ಲಿ ಬರೆಯುತ್ತಾರೆ. ಅವತ್ತು ಬರೆದದ್ದು 3 ಇಂಚು 20 ಸೆಂಟ್ (ಇಂಚಿನ ನೂರರಲ್ಲಿ ಒಂದು ಭಾಗ ಒಂದು ಸೆಂಟ್). ನನ್ನ ಪೆಟ್ಟಿಗೆ ತೋರಿಸಿದ್ದು 40 ಸೆಂಟ್. "ನಿನ್ನ ಪೆಟ್ಟಿಗೆ ಮೇಲೆ ಮಳೆ ಬೀಳಲ್ವಾ?" ಅಂತ ಕೇಳಿದರು.

ಕೊಡೆ ಹಿಡಿದು ಹೋಗಿ ಆಲಿಕೆಯಲ್ಲಿ ಎಲೆ ಸಿಕ್ಕಿದೆಯಾ ನೋಡಿದೆ. ವೈರ್ ಬದಲಿಸಿದೆ. ಎರಡು ದಿನ ಹೋಯಿತು. ಆಮೇಲೆ ಹೊಳೆಯಿತು, ಆ 40 ಸೆಂಟ್ ನನ್ನ ಹಳೆಯ ಫೈಲ್‌ನ ಅಂಕಿ! ಪೈ ಮೇಲೆ ಕೂತಿದ್ದದ್ದು ಲ್ಯಾಪ್‌ಟಾಪ್ ಕೋಡ್.

ಕಾರಣ ಎರಡು ಸ್ಪೇಸ್. ಮೇಕ್‌ಫೈಲ್‌ನಲ್ಲಿ, ಅಂದರೆ ಮೇಕ್‌ನ ಬಿಲ್ಡ್ ಫೈಲ್‌ನಲ್ಲಿ, 'ಬೋರ್ಡ್ = ಪೈ' ಅಂತ ಬರೆದು, ಎರಡು ಸ್ಪೇಸ್ ಬಿಟ್ಟು, ಹ್ಯಾಶ್ ಹಾಕಿ 'ತೋಟದ ಪೆಟ್ಟಿಗೆ' ಎಂದು ಕಾಮೆಂಟ್ ಸೇರಿಸಿದ್ದೆ. ಮೇಕ್ ಕಾಮೆಂಟನ್ನು ಬಿಡುತ್ತದೆ, ಅದರ ಹಿಂದಿನ ಸ್ಪೇಸ್ ಬಿಡುವುದಿಲ್ಲ. 'ಪೈ' ಬೇರೆ, ಸ್ಪೇಸ್ ಇರುವ 'ಪೈ' ಬೇರೆ. ಹೋಲಿಕೆ ತಪ್ಪಿತು, 'ಎಲ್ಸ್' (ಇಲ್ಲದಿದ್ದರೆ) ಕಡೆ ಹೋಯಿತು. ಎರರ್ ಇಲ್ಲ, ವಾರ್ನಿಂಗ್ ಕೂಡ ಇಲ್ಲ. 'ಬೋರ್ಡ್'ನ ಮೌಲ್ಯವನ್ನು ಚೌಕ ಆವರಣದೊಳಗೆ ಪ್ರಿಂಟ್ ಮಾಡಿಸಿದಾಗಲೇ ಆ ಖಾಲಿ ಜಾಗ ಕಣ್ಣಿಗೆ ಬಿದ್ದದ್ದು. ಅಕ್ಕಪಕ್ಕದ ಸ್ಪೇಸ್ ತೆಗೆಯುವ 'ಸ್ಟ್ರಿಪ್' ಫಂಕ್ಷನ್ ಹಾಕಿದರೆ ಸರಿಯಾಗುತ್ತದೆ, ಆದರೆ ಎರಡು ಮೌಲ್ಯ ಒಂದೇನಾ ಅಂತ ನೋಡುವ ಪ್ರತಿ 'ಇಫ್‌ಇಕ್ಯೂ'ಗೂ ನೆನಪಿಟ್ಟು ಹಾಕಬೇಕು. 'ಇಫ್‌ಡೆಫ್' ಇನ್ನೊಂದು ಗುಂಡಿ, ವೇರಿಯಬಲ್ ಖಾಲಿ ಇಲ್ಲವಾ ಅಂತ ಮಾತ್ರ ನೋಡುತ್ತದೆ: ಮೌಲ್ಯ 0 ಇದ್ದರೂ ನಿಜ ಅನ್ನುತ್ತದೆ.

ಸಿಮೇಕ್ ಒಂದು ವಾರ ನೋಡಿದೆ. ಖಾಲಿ ವೇರಿಯಬಲನ್ನು ಉದ್ಧರಣ ಚಿಹ್ನೆ (ಕೋಟ್) ಇಲ್ಲದೆ ಹೋಲಿಸಿದರೆ ಎರರ್ ಕೊಡುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಆಪ್ಷನ್‌ನ ಡೀಫಾಲ್ಟನ್ನು ಆಫ್‌ನಿಂದ ಆನ್ ಮಾಡಿದರೂ ಹಳೆಯ ಬಿಲ್ಡ್ ಫೋಲ್ಡರ್‌ನ ಕ್ಯಾಶ್‌ನಲ್ಲಿ (ಹಿಂದಿನ ಆಯ್ಕೆಗಳನ್ನು ನೆನಪಿಟ್ಟುಕೊಳ್ಳುವ ಫೈಲ್) ಆಫ್ ಹಾಗೇ ಉಳಿದಿರುತ್ತದೆ. ದೊಡ್ಡ ಪ್ರಾಜೆಕ್ಟ್‌ನವರಿಗೆ ಇದು ಅಭ್ಯಾಸ ಇರಬಹುದು, ನನಗೆ ಸಾಕಾಯಿತು.

ಮೆಸಾನ್‌ನಲ್ಲಿ ಬೋರ್ಡ್ ಆಪ್ಷನ್‌ಗೆ 'ಪೈ', 'ಲ್ಯಾಪ್‌ಟಾಪ್' ಎಂಬ ಎರಡೇ ಆಯ್ಕೆ ಅಂತ ಬರೆದಿಟ್ಟೆ. ಬೇಕಂತಲೇ ಸ್ಪೇಸ್ ಸೇರಿಸಿ ಕೊಟ್ಟೆ. ಇದು ಆಯ್ಕೆಗಳಲ್ಲಿ ಇಲ್ಲ ಅಂತ ಅಲ್ಲೇ ನಿಲ್ಲಿಸಿತು. 'ಇಫ್' ಒಳಗೆ ಸುಮ್ನೆ ಒಂದು ಸ್ಟ್ರಿಂಗ್ (ಅಕ್ಷರಗಳ ಸಾಲು) ಇಟ್ಟರೂ ಒಪ್ಪುವುದಿಲ್ಲ, ನಿಜ ಅಥವಾ ಸುಳ್ಳು ಅಂತಲೇ ಇರಬೇಕು.

ದುಡ್ಡಿನ ಮಾತಿಲ್ಲ, ಮೂರೂ ಉಚಿತ. ಆದರೆ ಮೆಸಾನ್‌ಗೆ ಪೈಥಾನ್ ಭಾಷೆ, ನಿಂಜಾ ಎಂಬ ಇನ್ನೊಂದು ಬಿಲ್ಡ್ ಸಾಧನ ಬೇಕು. ನನ್ನದು ಮೊಬೈಲ್ ಡೇಟಾ, ಮಳೆಗಾಲದಲ್ಲಿ ಕರೆಂಟ್ ಹೋದರೆ ಇನ್ವರ್ಟರ್ ಇರುವಷ್ಟೇ ಹೊತ್ತು ಕೆಲಸ. ಅದಕ್ಕೇ ಮೇ ತಿಂಗಳಲ್ಲೇ ಇಳಿಸಿಟ್ಟುಕೊಳ್ಳಿ. 'ಇಫ್' ಬೇಡದ ಒಂದೆರಡು ಫೈಲ್‌ನ ಪ್ರೋಗ್ರಾಂಗೆ ನಾನು ಇವತ್ತೂ ಮೇಕನ್ನೇ ಬಳಸುತ್ತೇನೆ, ಕಾಮೆಂಟನ್ನು ಮಾತ್ರ ಬೇರೆ ಸಾಲಿನಲ್ಲಿ ಬರೆಯುತ್ತೇನೆ.